ಹಾವು ಬೆಳೆಯುವುದು ಎಲ್ಲಿಯವರೆಗೆ?

ಹಾವು ಸಾಕಿದವರನ್ನು ಜನ ಕೇಳುವ ಮೊದಲ ಪ್ರಶ್ನೆ ‘ಕಚ್ಚುತ್ತದಾ?’ ಎರಡನೆಯದು ‘ಎಷ್ಟು ದೊಡ್ಡದಾಗುತ್ತದೆ?’ ಮೊದಲನೆಯದಕ್ಕೆ ಉತ್ತರ ಸುಲಭ. ಬಾಯಿ ಇರುವ ಪ್ರಾಣಿ ಯಾವುದಾದರೂ ಕಚ್ಚೀತು. ಎರಡನೆಯದಕ್ಕೆ ಎಲ್ಲರ ಬಳಿಯೂ ಒಂದು ಸಿದ್ಧ ಉತ್ತರವಿದೆ: ‘ಹಾವು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ.’ ಈ ಮಾತನ್ನು ನಾನೂ ವರ್ಷಗಟ್ಟಲೆ ಹೇಳಿಕೊಂಡು ತಿರುಗಿದವನೇ. ಮಾತು ಪೂರ್ತಿ ಸುಳ್ಳಲ್ಲ. ಆದರೆ ಅದನ್ನು ಕೇಳಿದವರ ತಲೆಯಲ್ಲಿ ಮೂಡುವ ಚಿತ್ರ ಇದೆಯಲ್ಲ, ಅದು ಪೂರ್ತಿ ಸುಳ್ಳು. ಮೊದಲ ವರ್ಷ ಎರಡು ಅಡಿ ಬೆಳೆಯಿತು, ಹಾಗಾದರೆ ಹತ್ತು ವರ್ಷಕ್ಕೆ ಇಪ್ಪತ್ತು ಅಡಿ, ಇಪ್ಪತ್ತು ವರ್ಷಕ್ಕೆ ಮನೆಯನ್ನೇ ನುಂಗುತ್ತದೆ ಅಂತ ಲೆಕ್ಕ ಹಾಕಿಕೊಂಡು ಹೋಗುತ್ತಾರೆ.

ಈ ಲೆಕ್ಕ ಎಲ್ಲಿ ತಪ್ಪುತ್ತದೆ ನೋಡೋಣ. ಸಾಕುವವರಲ್ಲಿ ತುಂಬ ಸಾಮಾನ್ಯವಾದ ಬಾಲ್ ಪೈಥಾನನ್ನೇ ತೆಗೆದುಕೊಳ್ಳಿ. ಆಫ್ರಿಕಾದ ಪುಟ್ಟ ಹೆಬ್ಬಾವು. ಹೆದರಿದರೆ ತಲೆಯನ್ನು ನಡುವೆ ಬಚ್ಚಿಟ್ಟುಕೊಂಡು ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ, ಅದಕ್ಕೇ ಆ ಹೆಸರು. ಮೊಟ್ಟೆಯಿಂದ ಹೊರಬಂದಾಗ ಸುಮಾರು 40 ಸೆಂಟಿಮೀಟರ್ ಇರುತ್ತದೆ. ಬೆಳೆದ ಗಂಡು ಒಂದು ಮೀಟರಿನ ಆಸುಪಾಸು, ಹೆಣ್ಣು 120ರಿಂದ 150 ಸೆಂಟಿಮೀಟರ್. ಬದುಕುವುದು ಇಪ್ಪತ್ತು ಮೂವತ್ತು ವರ್ಷ. ಅಷ್ಟು ದೀರ್ಘ ಬದುಕಿನಲ್ಲಿ ಬೆಳವಣಿಗೆಯ ಗಡಿಬಿಡಿಯೆಲ್ಲ ಮೊದಲ ಮೂರ್ನಾಲ್ಕು ವರ್ಷದಲ್ಲೇ ಮುಗಿದುಹೋಗಿರುತ್ತದೆ. ಸಾಕುವವರಲ್ಲಿ ಸಾಮಾನ್ಯವಾದ ಇನ್ನೊಂದು ಹಾವು, ಅಮೆರಿಕದ ವಿಷವಿಲ್ಲದ ಕಾರ್ನ್ ಸ್ನೇಕ್, ಅದರ ಕಥೆಯೂ ಇದೇ. ಹುಟ್ಟುವಾಗ ಪೆನ್ಸಿಲ್‌ಗಿಂತ ತುಸು ಉದ್ದ, ಮೂರು ವರ್ಷಕ್ಕೆ ಹೆಚ್ಚುಕಡಿಮೆ ತನ್ನ ಪೂರ್ತಿ ಉದ್ದ, ಅಂದರೆ ಒಂದರಿಂದ ಒಂದೂವರೆ ಮೀಟರ್.

ಒಂದು ಆಟ ಆಡೋಣ. ನೀವು ಈ ಕೋಣೆಯ ಗೋಡೆಯ ಕಡೆಗೆ ನಡೆಯಬೇಕು. ನಿಯಮ ಒಂದೇ: ಪ್ರತಿ ಹೆಜ್ಜೆಯಲ್ಲೂ ಉಳಿದ ದೂರದ ಅರ್ಧ ಮಾತ್ರ ಹೋಗಬೇಕು. ಮೊದಲ ಹೆಜ್ಜೆ ದೊಡ್ಡದು, ಎರಡನೆಯದು ಅದರ ಅರ್ಧ, ಮೂರನೆಯದು ಅದರಲ್ಲೂ ಅರ್ಧ. ಗೋಡೆ ಮುಟ್ಟುವುದೇ ಇಲ್ಲ, ಆದರೆ ಸ್ವಲ್ಪ ಹೊತ್ತಿಗೆ ಮೂಗು ಗೋಡೆಗೆ ತಾಗುವ ಹಾಗೆ ನಿಂತಿರುತ್ತೀರಿ. ಹಾವು ಬೆಳೆಯುವುದೂ ಹೆಚ್ಚುಕಡಿಮೆ ಹೀಗೆಯೇ. 40 ಸೆಂಟಿಮೀಟರಿನ ಮರಿಗೆ 130ರಲ್ಲಿ ಗೋಡೆ ಇದೆ ಅಂದುಕೊಳ್ಳಿ. ಮೊದಲ ವರ್ಷ 45 ಸೆಂಟಿಮೀಟರ್ ಬೆಳೆಯುತ್ತದೆ. ಎರಡನೆಯ ವರ್ಷ ಇಪ್ಪತ್ತೆರಡೂವರೆ. ಮೂರನೆಯ ವರ್ಷ ಹನ್ನೊಂದು ಚಿಲ್ಲರೆ. ಏಳನೆಯ ವರ್ಷ ಒಂದು ಸೆಂಟಿಮೀಟರೂ ಇಲ್ಲ. ಹತ್ತನೆಯ ವರ್ಷದ ಇಡೀ ಬೆಳವಣಿಗೆ ಒಂದು ಮಿಲಿಮೀಟರಿಗಿಂತ ಕಡಿಮೆ. ಆಗಲೂ ಹಾವು ಬೆಳೆಯುತ್ತಿದೆಯಾ? ಗಣಿತದ ಮೇಷ್ಟರು ಹೌದು ಅನ್ನುತ್ತಾರೆ. ಪೆಟ್ಟಿಗೆ ಮಾಡುವ ಬಡಗಿ ಇಲ್ಲ ಅನ್ನುತ್ತಾನೆ. ಇಬ್ಬರೂ ಸರಿಯೇ.

ಈ ಅರ್ಧರ್ಧದ ಲೆಕ್ಕ ನಾನು ವಿವರಣೆಗಾಗಿ ಮಾಡಿಕೊಂಡದ್ದು. ನಿಜವಾದ ಹಾವು ಇಷ್ಟು ಶಿಸ್ತಿನದಲ್ಲ. ಆದರೆ ಹಿಂದಿರುವ ವಿಚಾರ ಹಳೆಯದು. ಲುಡ್ವಿಗ್ ಫಾನ್ ಬರ್ಟಲನ್‌ಫಿ ಎಂಬ ಆಸ್ಟ್ರಿಯಾದ ಜೀವವಿಜ್ಞಾನಿ 1938ರಲ್ಲಿ ಇದನ್ನು ಸಮೀಕರಣವಾಗಿ ಬರೆದಿಟ್ಟ. ಮೀನು, ಆಮೆ, ಹಾವುಗಳ ಬೆಳವಣಿಗೆ ಲೆಕ್ಕಹಾಕುವವರು ಈಗಲೂ ಅದನ್ನು ಬಳಸುತ್ತಾರೆ. ಹಾಗಾಗಿ ‘ಯಾವಾಗ ನಿಲ್ಲುತ್ತದೆ’ ಅಂತ ಕೇಳುವುದಕ್ಕಿಂತ ‘ಗೋಡೆ ಎಲ್ಲಿದೆ’ ಅಂತ ಕೇಳುವುದು ಮೇಲು. ಇವತ್ತು ನಾನು ಮಾತಾಡುವುದೆಲ್ಲ ಬಹುಪಾಲು ಆ ಗೋಡೆಯ ಬಗ್ಗೆ.

ಅದಕ್ಕೆ ಮೊದಲು, ಹಾವಿನಲ್ಲಿ ಬೆಳೆಯುವುದು ಏನು? ನಮಗಾದರೆ ಕೈಕಾಲಿನ ಉದ್ದ ಮೂಳೆಗಳ ತುದಿಯಲ್ಲಿ ಮೃದ್ವಸ್ಥಿಯ ತಟ್ಟೆ ಇರುತ್ತದೆ. ಹರೆಯ ಮುಗಿಯುವ ಹೊತ್ತಿಗೆ ಅದು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ, ಎತ್ತರ ಅಲ್ಲಿಗೆ ನಿಂತಿತು. ಹಾವಿಗೆ ಕೈಯೂ ಇಲ್ಲ ಕಾಲೂ ಇಲ್ಲ. ಇರುವುದೆಲ್ಲ ಬೆನ್ನುಮಣಿಗಳು, ಜಾತಿಯ ಮೇಲೆ ಇನ್ನೂರರಿಂದ ನಾನೂರರವರೆಗೆ. ಬೆಳೆಯುತ್ತಾ ಬೆಳೆಯುತ್ತಾ ಹಾವಿಗೆ ಹೊಸ ಮಣಿ ಸೇರುತ್ತದೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಇಲ್ಲ. ಒಂದೇ ಒಂದು ಮಣಿಯೂ ಸೇರುವುದಿಲ್ಲ. ಮಣಿಗಳ ಎಣಿಕೆ ಮೊಟ್ಟೆಯೊಳಗೇ ಮುಗಿದಿರುತ್ತದೆ. ಮೊಟ್ಟೆಯಿಂದ ಬಂದ ಮರಿಯ ಹೊಟ್ಟೆಯ ಅಡಿಯಲ್ಲಿ ಹೆಚ್ಚುಕಡಿಮೆ ಮಣಿಗೊಂದರಂತೆ ಇರುವ ಅಗಲ ಹುರುಪೆಗಳನ್ನು ಇವತ್ತು ಎಣಿಸಿ ಬರೆದಿಡಿ, ಇಪ್ಪತ್ತು ವರ್ಷ ಕಳೆದು ಮತ್ತೆ ಎಣಿಸಿ, ಅಷ್ಟೇ ಇರುತ್ತವೆ. ಒಂದೊಂದು ಮಣಿಯೂ ಒಂದಿಷ್ಟು ಉದ್ದವಾಗುತ್ತದೆ, ಒಂದೊಂದು ಹುರುಪೆಯೂ ಒಂದಿಷ್ಟು ಅಗಲವಾಗುತ್ತದೆ, ಅಷ್ಟೇ. ಮಣಿಗೆ ಒಂದು ಮಿಲಿಮೀಟರ್ ಹೆಚ್ಚಿದರೆ ಮುನ್ನೂರು ಮಣಿಗೆ ಮೂವತ್ತು ಸೆಂಟಿಮೀಟರ್. ಹಾವು ‘ಇದ್ದಕ್ಕಿದ್ದ ಹಾಗೆ’ ಉದ್ದವಾಯಿತು ಅನ್ನಿಸುವುದರ ಗುಟ್ಟು ಇದರಲ್ಲಿದೆ.

ಸ್ವಲ್ಪ ದಾರಿ ತಪ್ಪಿ ಒಂದು ಮಾತು. ಇಷ್ಟೊಂದು ಮಣಿ ಮೊಟ್ಟೆಯೊಳಗೆ ಹೇಗೆ ತಯಾರಾಗುತ್ತವೆ ಎಂಬ ಪ್ರಶ್ನೆಗೆ 2008ರಲ್ಲಿ ಕಾರ್ನ್ ಸ್ನೇಕ್ ಭ್ರೂಣಗಳಿಂದ ಚೆಂದದ ಉತ್ತರ ಸಿಕ್ಕಿತು. ಎಲ್ಲ ಬೆನ್ನೆಲುಬಿನ ಪ್ರಾಣಿಗಳ ಭ್ರೂಣದಲ್ಲೂ ಒಂದು ಗಡಿಯಾರದಂಥದ್ದು ಓಡುತ್ತಿರುತ್ತದೆ. ಅದು ಒಮ್ಮೆ ಟಿಕ್ ಅಂದರೆ ಒಂದು ತುಂಡು ಕತ್ತರಿಸಿದ ಹಾಗೆ. ಇಲಿಯ ಭ್ರೂಣದಲ್ಲಿ ಅರುವತ್ತೈದು ತುಂಡಾದರೆ ಕಾರ್ನ್ ಸ್ನೇಕ್‌ನಲ್ಲಿ ಮುನ್ನೂರಕ್ಕೂ ಹೆಚ್ಚು. ಯಾಕೆಂದರೆ ಭ್ರೂಣ ಬೆಳೆಯುವ ವೇಗಕ್ಕೆ ಹೋಲಿಸಿದರೆ ಹಾವಿನ ಗಡಿಯಾರ ಇಲಿಯದಕ್ಕಿಂತ ಬಹಳ ಚುರುಕು. ಬೇಗ ಬೇಗ ಟಿಕ್ ಅನ್ನುವುದರಿಂದ ತುಂಡುಗಳು ಸಣ್ಣವು, ಸಂಖ್ಯೆ ಹೆಚ್ಚು. ಹಾವು ಇಲಿಯನ್ನು ತಿನ್ನುವ ಮೊದಲೇ ಇಲಿಯನ್ನು ಸೋಲಿಸಿರುತ್ತದೆ ಅನ್ನಿ.

ಸರಿ, ಮಣಿಗಳ ತುದಿ ಎಂದಾದರೂ ಪೂರ್ತಿ ಮುಚ್ಚುತ್ತದಾ? ಸರೀಸೃಪಗಳೆಲ್ಲ ಬದುಕಿರುವಷ್ಟು ಕಾಲ ಬೆಳೆಯುತ್ತವೆ ಎಂಬುದು ಪಠ್ಯಪುಸ್ತಕದ ಹಳೆಯ ವಾಕ್ಯ. ಇತ್ತೀಚಿನ ವರ್ಷಗಳಲ್ಲಿ ಸ್ಕ್ಯಾನ್ ಮಾಡಿ ನೋಡಿದಾಗ ಹಲವು ಜಾತಿಯ ಹಲ್ಲಿಗಳಲ್ಲಿ ಬೆಳವಣಿಗೆಯ ತಟ್ಟೆ ನಮ್ಮದರಂತೆಯೇ ಮುಚ್ಚಿಹೋಗಿರುವುದು ಕಂಡಿದೆ. ಆದ್ದರಿಂದ ‘ಎಲ್ಲ ಸರೀಸೃಪ, ಸಾಯುವವರೆಗೂ’ ಎಂಬ ಮಾತಿನ ಮೊದಲ ಭಾಗವೇ ಈಗ ಅಲುಗಾಡುತ್ತಿದೆ. ಸಾಕಿದವರ ಮಟ್ಟಿಗೆ ಈ ಜಗಳದಿಂದ ಹೆಚ್ಚಿನ ವ್ಯತ್ಯಾಸವಿಲ್ಲ. ವರ್ಷಕ್ಕೆ ಒಂದು ಮಿಲಿಮೀಟರ್ ಬೆಳೆಯುವ ಹಾವೂ, ನಿಂತೇಹೋದ ಹಾವೂ ನಮ್ಮ ಟೇಪಿಗೆ ಒಂದೇ.

‘ಆದರೆ ಪೊರೆ ಬಿಡುತ್ತಲೇ ಇರುತ್ತದಲ್ಲ, ಅಂದರೆ ಬೆಳೆಯುತ್ತಿದೆ ಅಂತಲೇ ಅಲ್ಲವಾ?’ ಈ ಪ್ರಶ್ನೆ ಎಲ್ಲ ಕಡೆ ಬರುತ್ತದೆ. ಅಂಗಿ ಬಿಗಿಯಾಯಿತು, ಬಿಚ್ಚಿ ಎಸೆಯಿತು ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ಮರಿ ಹಾವು ನಾಲ್ಕಾರು ವಾರಕ್ಕೊಮ್ಮೆ ಪೊರೆ ಬಿಡುತ್ತದೆ, ಅದು ಬೆಳವಣಿಗೆಯ ವೇಗಕ್ಕೆ ತಕ್ಕ ಹಾಗೆಯೇ. ಆದರೆ ಬೆಳವಣಿಗೆ ಹೆಚ್ಚುಕಡಿಮೆ ನಿಂತ ಮೇಲೂ ಹಾವು ವರ್ಷಕ್ಕೆ ಹಲವು ಸಲ ಪೊರೆ ಬಿಡುತ್ತದೆ. ನೆಲಕ್ಕೆ ಉಜ್ಜಿ ಉಜ್ಜಿ ಹೊರ ಪದರ ಸವೆದಿರುತ್ತದೆ, ಗಾಯವಾಗಿರುತ್ತದೆ, ಉಣ್ಣೆ ಉಣುಗು ಅಂಟಿಕೊಂಡಿರುತ್ತವೆ. ಹೆಣ್ಣು ಮೊಟ್ಟೆ ಇಡುವ ಮೊದಲೂ ಬಿಡುವುದುಂಟು. ಗಿಲಕಿ ಹಾವಿನ ಬಾಲದ ಗಿಲಕಿ ನೋಡಿ. ಪೊರೆ ಬಿಟ್ಟಾಗಲೆಲ್ಲ ಒಂದು ಉಂಗುರ ಸೇರುತ್ತದೆ, ಹಳೆಯದು ಮುರಿದು ಬೀಳುತ್ತಲೂ ಇರುತ್ತದೆ. ಉಂಗುರ ಎಣಿಸಿ ವಯಸ್ಸು ಹೇಳುವವರು ಪೊರೆಯನ್ನು ಎಣಿಸುತ್ತಿರುತ್ತಾರೆ, ವರ್ಷವನ್ನಲ್ಲ.

ಪೊರೆಯ ವಿಷಯಕ್ಕೆ ಬಂದದ್ದರಿಂದ ಇನ್ನೊಂದು. ಒಬ್ಬರು ಒಮ್ಮೆ ನನ್ನ ಮುಂದೆ ಪೊರೆಯೊಂದನ್ನು ಹರಡಿ, ‘ನಮ್ಮ ಹಾವು ಒಂದು ತಿಂಗಳಲ್ಲಿ ಅರ್ಧ ಅಡಿ ಬೆಳೆದಿದೆ, ನೋಡಿ’ ಅಂದರು. ಕಳೆದ ತಿಂಗಳು ಹಾವನ್ನು ಅಳೆದಿದ್ದರು, ಈ ತಿಂಗಳು ಅಳೆದದ್ದು ಪೊರೆಯನ್ನು. ಪೊರೆ ಯಾವತ್ತೂ ಹಾವಿಗಿಂತ ಉದ್ದ. ಹುರುಪೆಗಳ ನಡುವಿನ ಚರ್ಮ ಮಡಿಕೆಯಾಗಿ ಒಳಗಿರುತ್ತದೆ. ಪೊರೆ ಒದ್ದೆಯಾಗಿ, ಕಾಲುಚೀಲ ತಿರುಗಿಸಿದ ಹಾಗೆ ಒಳಹೊರಗಾಗಿ ಜಾರುವಾಗ ಆ ಮಡಿಕೆಗಳೆಲ್ಲ ಬಿಚ್ಚಿಕೊಂಡು ಹಿಗ್ಗುತ್ತವೆ. ಶೇಕಡಾ ಹತ್ತಿಪ್ಪತ್ತು ಹೆಚ್ಚು ಬಂದರೆ ಆಶ್ಚರ್ಯವಿಲ್ಲ. ಅವರ ಮುಖ ಸಣ್ಣದಾಯಿತು. ಹಾವು ಚಿಕ್ಕದಾಯಿತಲ್ಲ ಎಂಬ ಬೇಸರ.

ಹಾಗಾದರೆ ಬದುಕಿರುವ ಹಾವನ್ನೇ ಅಳೆಯೋಣ ಅಂದರೆ ಅದು ಇನ್ನೂ ಕಷ್ಟ. ಹಾವು ನೆಟ್ಟಗೆ ಮಲಗುವುದಿಲ್ಲ. ಎಳೆದು ಹಿಡಿದರೆ ಮಣಿಗಳ ನಡುವಿನ ಸಂದು ಸಡಿಲವಾಗಿ ಉದ್ದ ಹೆಚ್ಚು ಬರುತ್ತದೆ, ಬಿಗಿಹಿಡಿದುಕೊಂಡರೆ ಕಡಿಮೆ ಬರುತ್ತದೆ. ಒಂದೇ ಹಾವನ್ನು ಒಂದೇ ದಿನ ಮೂವರು ಅಳೆದರೆ ಮೂರು ಉತ್ತರ. ಅದರ ಮೇಲೆ ನಮ್ಮ ಆಸೆ ಬೇರೆ. ದೊಡ್ಡ ಹಾವಿನ ಕಥೆ ಹೇಳುವಾಗ ಯಾರ ಟೇಪೂ ನೇರವಾಗಿರುವುದಿಲ್ಲ.

ಇದಕ್ಕೆ ನನಗೆ ಬಹಳ ಇಷ್ಟದ ಉದಾಹರಣೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿದ್ದ, ಬರ್ಮೀಸ್ ಪೈಥಾನ್ ಜಾತಿಯ ದೊಡ್ಡ ಹೆಬ್ಬಾವು ಒಂದು. ಹೆಸರು ಬೇಬಿ. 1998ರಲ್ಲಿ ಅದನ್ನು ತೂಗಿದಾಗ 182 ಕಿಲೋ ದಾಟಿತ್ತು. ಉದ್ದ ಎಂಟು ಮೀಟರಿಗೂ ಹೆಚ್ಚು ಅಂತ ಪ್ರಚಾರವಾಗಿತ್ತು. ಸತ್ತ ಮೇಲೆ ನೆಲದ ಮೇಲೆ ಮಲಗಿಸಿ ಅಳೆದರೆ 5.74 ಮೀಟರ್. ತೂಕ ತೂಕದ ಯಂತ್ರ ಹೇಳಿದ್ದು, ಅದು ನಿಜವಾಗಿಯೇ ಉಳಿಯಿತು. ಉದ್ದ ಜನ ಹೇಳಿದ್ದು, ಎರಡು ಮೀಟರಿಗೂ ಹೆಚ್ಚು ಕರಗಿಹೋಯಿತು. ಪಿಟ್ಸ್‌ಬರ್ಗ್‌ನ ಮೃಗಾಲಯದಲ್ಲಿ ಕೊಲೋಸಸ್ ಎಂಬ ರೆಟಿಕ್ಯುಲೇಟೆಡ್ ಪೈಥಾನ್, ಅಂದರೆ ಆಗ್ನೇಯ ಏಷ್ಯಾದ ಬಹಳ ಉದ್ದದ ಹೆಬ್ಬಾವು, ಇತ್ತು, 1963ರಲ್ಲಿ ಸತ್ತಿತು. ಎಂಟೂವರೆ ಮೀಟರಿಗೂ ಉದ್ದ ಎಂದು ದಶಕಗಳ ಕಾಲ ಪುಸ್ತಕಗಳಲ್ಲಿ ಮೆರೆಯಿತು. ಕೊನೆಗೆ ಅದರ ಅಸ್ಥಿಪಂಜರವನ್ನು ಪರಿಶೀಲಿಸಿದಾಗ ಅಲ್ಲಿಯೂ ಎರಡು ಮೀಟರಿಗೂ ಹೆಚ್ಚು ಕೊರೆ. ಕಳೆದ ಶತಮಾನದ ಮೊದಲ ಭಾಗದಲ್ಲೇ ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್ ಮೂವತ್ತು ಅಡಿಗಿಂತ ಉದ್ದದ ಹಾವು ತಂದುಕೊಟ್ಟವರಿಗೆ ಸಾವಿರ ಡಾಲರ್ ಬಹುಮಾನ ಸಾರಿದ್ದರು. ನ್ಯೂಯಾರ್ಕಿನ ಪ್ರಾಣಿಶಾಸ್ತ್ರ ಸಂಘ ಮುಂದೆ ಆ ಮೊತ್ತವನ್ನು ಐವತ್ತು ಸಾವಿರ ಡಾಲರಿನವರೆಗೆ ಏರಿಸಿತು. ಯಾರೂ ಅದನ್ನು ಪಡೆಯಲಿಲ್ಲ. ಹಾವು ಸಾಯುವವರೆಗೂ ಎಗ್ಗಿಲ್ಲದೆ ಬೆಳೆಯುವ ಪ್ರಾಣಿಯಾಗಿದ್ದರೆ ಕಾಡಿನ ಯಾವುದಾದರೂ ಮುದಿ ಹೆಬ್ಬಾವು ಆ ಹಣ ಗೆದ್ದುಕೊಡಬೇಕಿತ್ತಲ್ಲ? ಈಗ ಗಿನ್ನೆಸ್ ದಾಖಲೆಯಲ್ಲಿ ಸಾಕಿದ ಹಾವುಗಳಲ್ಲೆಲ್ಲ ಉದ್ದವಾದದ್ದು ಮೆಡ್ಯೂಸಾ ಎಂಬ ರೆಟಿಕ್ಯುಲೇಟೆಡ್ ಪೈಥಾನ್, 2011ರಲ್ಲಿ ಅಳೆದಾಗ 7.67 ಮೀಟರ್. ಮೂವತ್ತು ಅಡಿ ಎಂದರೆ 9.14 ಮೀಟರ್. ಇನ್ನೂ ಬಹಳ ದೂರ ಇದೆ.

ಬೇಬಿಯ ಕಡೆಗೆ ಮತ್ತೆ ಬರುತ್ತೇನೆ, ಅದರ ಬೆನ್ನಿಗೆ ಇನ್ನೊಂದು ಅಂಕಿ ಇದೆ. 2023ರಲ್ಲಿ ಫ್ಲಾರಿಡಾದ ಜೌಗು ಕಾಡಿನಲ್ಲಿ ಅದೇ ಜಾತಿಯ ಒಂದು ಹಾವು ಸಿಕ್ಕಿತು. ಉದ್ದ 19 ಅಡಿ, ಅಂದರೆ ಸುಮಾರು 5.8 ಮೀಟರ್. ಬೇಬಿಗಿಂತ ಒಂದು ಬೆರಳು ಉದ್ದವೇ ಅನ್ನಿ. ತೂಕ ಎಷ್ಟು? 57 ಕಿಲೋ. ಒಂದೇ ಜಾತಿ, ಒಂದೇ ಉದ್ದ. ಒಂದು 57 ಕಿಲೋ, ಇನ್ನೊಂದು 182. ಕಾಡಿನ ಹಾವು ತಾನೇ ಬೇಟೆಯಾಡಿ ತಿಂದದ್ದು, ಸಾಕಿದ ಹಾವಿಗೆ ತಟ್ಟೆಗೇ ಊಟ. ಸಾಕಿದ ಹಾವು ದೊಡ್ಡವಾದ ಮೇಲೂ ‘ಬೆಳೆಯುತ್ತಲೇ ಇದೆ’ ಅಂತ ನಮಗೆ ಕಾಣುವುದರಲ್ಲಿ ಬಹುಪಾಲು ಇದೇ. ಅದು ಬೆಳವಣಿಗೆ ಅಲ್ಲ, ಬೊಜ್ಜು.

ಉದ್ದ ಮತ್ತು ತೂಕದ ಸಂಬಂಧ ಗೊತ್ತಿದ್ದರೆ ಎರಡನ್ನೂ ಬೇರೆ ಮಾಡಿ ನೋಡಬಹುದು. ಹಾವು ಎರಡು ಪಟ್ಟು ಉದ್ದವಾದರೆ ತೂಕ ಎರಡು ಪಟ್ಟಲ್ಲ, ಸುಮಾರು ಎಂಟು ಪಟ್ಟು. ಉದ್ದದ ಜೊತೆಗೆ ಅಗಲವೂ ದಪ್ಪವೂ ಹೆಚ್ಚುತ್ತವಲ್ಲ. ಮೂರು ಪಟ್ಟು ಉದ್ದವಾದರೆ ಇಪ್ಪತ್ತೇಳು ಪಟ್ಟು. 40 ಸೆಂಟಿಮೀಟರ್, 60 ಗ್ರಾಂ ಇದ್ದ ಬಾಲ್ ಪೈಥಾನ್ ಮರಿ 120 ಸೆಂಟಿಮೀಟರ್ ಆದಾಗ ಒಂದು ಕಿಲೋ ಆರುನೂರು ಗ್ರಾಂ ಆಸುಪಾಸು ಇರಬೇಕು. ಆ ಉದ್ದದ ಆರೋಗ್ಯವಂತ ಹೆಣ್ಣು ನಿಜಕ್ಕೂ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ. ಅದಕ್ಕೇ ನಾನು ಹಾವು ಸಾಕುವವರಿಗೆ ಟೇಪಿಗಿಂತ ಮೊದಲು ತಕ್ಕಡಿ ತಂದಿಟ್ಟುಕೊಳ್ಳಿ ಅನ್ನುತ್ತೇನೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಮುಚ್ಚಳ ಇರುವ ಡಬ್ಬಿ ಇಟ್ಟರೆ ಸಾಕು. ಊಟಕ್ಕೆ ಮೊದಲು ತೂಗಿ, ದಿನಾಂಕ ಹಾಕಿ ಬರೆದಿಡಿ. ಹೊಟ್ಟೆ ಖಾಲಿಯಿದೆಯಾ ಅಂತಲೂ ಗಮನಿಸಿ, ಯಾಕೆಂದರೆ ಕೆಲವು ಭಾರಿ ಮೈಯ ಮಂಡಲದ ಹಾವುಗಳು ಮಲವನ್ನು ತಿಂಗಳುಗಟ್ಟಲೆ ಹೊಟ್ಟೆಯಲ್ಲೇ ಇಟ್ಟುಕೊಂಡಿರುತ್ತವೆ. ಆಫ್ರಿಕಾದ ಗಬೂನ್ ವೈಪರ್ ಒಂದು ವರ್ಷಕ್ಕೂ ಹೆಚ್ಚು ಕಾಲ ಹಾಗೆ ಇಟ್ಟುಕೊಂಡ ದಾಖಲೆ ಇದೆ. ನೆಲಕ್ಕೆ ಊರಿ ಹೊಡೆಯುವುದಕ್ಕೆ ಆ ಭಾರ ಅನುಕೂಲ ಎಂಬ ವಾದವೂ ಇದೆ. ಅಂಥದ್ದನ್ನು ತೂಗಿದರೆ ತೂಗಿದ್ದು ಏನನ್ನು ಅಂತ ಯೋಚಿಸಬೇಕಾಗುತ್ತದೆ.

ಈಗ ಗೋಡೆಯ ಪ್ರಶ್ನೆ. ಗೋಡೆಯನ್ನು ಎಲ್ಲಿ ಕಟ್ಟಬೇಕು ಅಂತ ತೀರ್ಮಾನಿಸುವುದು ಮೊದಲಿಗೆ ಜಾತಿ, ಆಮೇಲೆ ಗಂಡೋ ಹೆಣ್ಣೋ. ಹೆಬ್ಬಾವು, ಬೋವಾ, ಅನಕೊಂಡಗಳಲ್ಲಿ ಹೆಣ್ಣು ದೊಡ್ಡದು. ಹಸಿರು ಅನಕೊಂಡದಲ್ಲಂತೂ ಹೆಣ್ಣಿನ ಪಕ್ಕ ಗಂಡು ಮರಿಯ ಹಾಗೆ ಕಾಣುತ್ತದೆ. ಮೈ ದೊಡ್ಡದಾದಷ್ಟೂ ಹೆಚ್ಚು ಮರಿ, ಅದು ಹೆಣ್ಣಿನ ಲಾಭ. ಗಂಡುಗಳು ಪರಸ್ಪರ ಸೆಣಸಾಡುವ ಜಾತಿಗಳಲ್ಲಿ, ಉದಾಹರಣೆಗೆ ಕಾಳಿಂಗ ಸರ್ಪದಲ್ಲಿ, ಗಂಡು ದೊಡ್ಡದು. ಮರಿ ಕೊಳ್ಳುವಾಗ ಗಂಡೋ ಹೆಣ್ಣೋ ಅಂತ ಕೇಳದೆ ‘ಎಷ್ಟು ದೊಡ್ಡದಾಗುತ್ತದೆ’ ಅಂತ ಕೇಳುವುದು ಅರ್ಧ ಪ್ರಶ್ನೆ. ಜಾತಿಯೊಳಗೂ ವಂಶ ಲೆಕ್ಕಕ್ಕೆ ಬರುತ್ತದೆ. ಇಂಡೊನೇಷ್ಯಾದ ಜಂಪಿಯಾ, ಕಲಟೋವಾ ಎಂಬ ಪುಟ್ಟ ದ್ವೀಪಗಳ ರೆಟಿಕ್ಯುಲೇಟೆಡ್ ಪೈಥಾನ್‌ಗಳು ದೊಡ್ಡ ದ್ವೀಪಗಳ ನೆಂಟರಿಗಿಂತ ಬಹಳ ಚಿಕ್ಕವು. ಸಾಕಿ ಹೊಟ್ಟೆ ತುಂಬ ಹಾಕಿದರೂ ಅವು ತಮ್ಮ ನೆಂಟರಷ್ಟು ಆಗುವುದಿಲ್ಲ. ಆದರೆ ದ್ವೀಪದಲ್ಲಿ ಇದ್ದುದಕ್ಕಿಂತ ತುಸು ದೊಡ್ಡವಾಗುತ್ತವೆ. ಅಂದರೆ ಗೋಡೆಯ ಬಹುಪಾಲು ವಂಶ ಕಟ್ಟಿದ್ದು, ಮೇಲಿನ ಒಂದೆರಡು ಸಾಲು ಇಟ್ಟಿಗೆ ಊಟ ಜೋಡಿಸಿದ್ದು.

ಆ ಒಂದೆರಡು ಸಾಲಿನ ಕಥೆಯೇ ನನಗೆ ಎಲ್ಲಕ್ಕಿಂತ ಸ್ವಾರಸ್ಯ. ಉತ್ತರ ಆಸ್ಟ್ರೇಲಿಯಾದಲ್ಲಿ ಫಾಗ್ ಡ್ಯಾಮ್ ಎಂಬ ಜಾಗವಿದೆ. ಅಲ್ಲಿನ ನೀರು ಹೆಬ್ಬಾವುಗಳನ್ನು ಥಾಮಸ್ ಮ್ಯಾಡ್ಸೆನ್ ಮತ್ತು ರಿಕ್ ಶೈನ್ ಎಂಬ ಜೀವವಿಜ್ಞಾನಿಗಳು ವರ್ಷಾನುಗಟ್ಟಲೆ ಹಿಡಿದು, ಗುರುತು ಹಾಕಿ, ಅಳೆದು ಬಿಟ್ಟರು. ಅಲ್ಲಿನ ಹಾವುಗಳ ಮುಖ್ಯ ಊಟ ಒಂದು ಜಾತಿಯ ಇಲಿ. ಇಲಿಗಳು ಕೆಲವು ವರ್ಷ ತುಂಬಿ ತುಳುಕುತ್ತವೆ, ಕೆಲವು ವರ್ಷ ಕಾಣಲು ಸಿಗುವುದಿಲ್ಲ. ಇಲಿ ಸಮೃದ್ಧವಾದ ವರ್ಷದಲ್ಲಿ ಹುಟ್ಟಿದ ಮರಿಗಳು ಮೊದಲ ವರ್ಷ ಬೇಗ ಬೆಳೆದವು. ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಮುಂದಿನ ವರ್ಷಗಳಲ್ಲೂ, ಊಟ ಎಲ್ಲರಿಗೂ ಒಂದೇ ಆಗಿದ್ದಾಗಲೂ, ಆ ಮರಿಗಳೇ ಉಳಿದವಕ್ಕಿಂತ ಚುರುಕಾಗಿ ಬೆಳೆಯುತ್ತಾ ಹೋದವು. ಬರಗಾಲದಲ್ಲಿ ಹುಟ್ಟಿದವು ಆಮೇಲೆ ಎಷ್ಟು ತಿಂದರೂ ಆ ಅಂತರ ತುಂಬಲಿಲ್ಲ. ಬಾಯಲ್ಲಿ ಬೆಳ್ಳಿ ಚಮಚ ಇಟ್ಟುಕೊಂಡು ಹುಟ್ಟಿದ ಹಾವುಗಳು ಎಂಬರ್ಥದಲ್ಲಿ 2000ದಲ್ಲಿ ಅವರು ಇದನ್ನು ಪ್ರಕಟಿಸಿದರು. ಹಾಗಾಗಿ ವಯಸ್ಸು ಗೊತ್ತಿಲ್ಲದ ಹಾವನ್ನು ತಂದುಕೊಂಡು ಅದರ ಉದ್ದ ನೋಡಿ ‘ಇದಕ್ಕೆ ಮೂರು ವರ್ಷ’ ಅನ್ನುವವರ ಮಾತನ್ನು ನಾನು ನಂಬುವುದಿಲ್ಲ. ಬೆಳೆದ ಹಾವಿನ ಉದ್ದದಲ್ಲಿ ಅದರ ಬಾಲ್ಯ ಇರುತ್ತದೆ, ವಯಸ್ಸು ಇರುವುದಿಲ್ಲ.

ಹಾಗಂತ ಮರಿಗೆ ತುರುಕಿ ತುರುಕಿ ತಿನ್ನಿಸಬೇಕು ಅಂತ ಅರ್ಥ ಮಾಡಿಕೊಳ್ಳಬೇಡಿ. ಬೇಗ ದೊಡ್ಡದು ಮಾಡಿ ಬೇಗ ಮೊಟ್ಟೆ ಇಡಿಸುವ ಆಸೆಗೆ ವಾರಕ್ಕೆ ಎರಡು ಮೂರು ಸಲ ಇಲಿ ಕೊಡುವವರಿದ್ದಾರೆ. ಯಕೃತ್ತಿನಲ್ಲಿ ಕೊಬ್ಬು ತುಂಬಿದ ಹಾವು, ತಲೆ ಚಿಕ್ಕದು ಮೈ ದೊಡ್ಡದಾದ ಹಾವು ತಯಾರಾಗುವುದು ಅಲ್ಲಿ. ಮರಿಗೆ ಐದಾರು ದಿನಕ್ಕೋ ವಾರಕ್ಕೋ ಒಂದು ಊಟ, ಅದೂ ತನ್ನ ತೂಕದ ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ಬೆಳೆದ ಮೇಲೆ ಎರಡರಿಂದ ನಾಲ್ಕು ವಾರಕ್ಕೊಂದು ಊಟ. ಇಷ್ಟೇ ಬೇಕಾದದ್ದು. ಬೆಳೆದ ಬಾಲ್ ಪೈಥಾನ್ ವರ್ಷದಲ್ಲಿ ಕೆಲವು ತಿಂಗಳು ಊಟವನ್ನೇ ಬಿಡುತ್ತದೆ, ಆಗ ಸಾಕಿದವರು ಊಟ ಬಿಡುತ್ತಾರೆ, ಗಾಬರಿಯಿಂದ. ಮೈ ಇಳಿಯದಿದ್ದರೆ ಗಾಬರಿ ಬೇಡ.

ಹಸಿವಿನ ವಿಷಯದಲ್ಲಿ ಒಂದು ಪ್ರಯೋಗ ಹೇಳಲೇಬೇಕು. ಅರ್ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಬಾಲ್ ಪೈಥಾನ್, ಇಲಿ ಹಾವು, ಗಿಲಕಿ ಹಾವುಗಳನ್ನು ಸುಮಾರು ಆರು ತಿಂಗಳು ಉಪವಾಸ ಇಟ್ಟು ನೋಡಿದರು. 2007ರಲ್ಲಿ ಅದರ ವರದಿ ಬಂತು. ತೂಕ ಇಳಿಯಿತು, ದೇಹದ ಶಕ್ತಿ ಖರ್ಚನ್ನು ಹಾವುಗಳು ಶೇಕಡಾ 72ರವರೆಗೂ ತಗ್ಗಿಸಿಕೊಂಡವು. ಅಷ್ಟಾದರೂ ಅವುಗಳ ಉದ್ದ ಹೆಚ್ಚಿತು! ತಿನ್ನಲು ಏನೂ ಇಲ್ಲದಾಗ, ಇದ್ದ ಬದ್ದ ಕೊಬ್ಬನ್ನು ಕರಗಿಸಿಕೊಳ್ಳುತ್ತಿರುವಾಗ, ಮೂಳೆ ಬೆಳೆಸುವ ಖರ್ಚು ಯಾಕೆ? ಉದ್ದವಾದರೆ ಮುಂದೆ ದೊಡ್ಡ ಬೇಟೆ ಸಿಕ್ಕಬಹುದು ಎಂಬ ಹೂಡಿಕೆ ಅದು ಎಂದು ಊಹಿಸುತ್ತಾರೆ. ನನಗೆ ಇದನ್ನು ಓದಿದಾಗ ತಮಾಷೆಯೂ ಅನ್ನಿಸಿತು, ಮೈ ಜುಮ್ಮೂ ಅಂದಿತು. ನಮ್ಮ ದೇಹ ಯಾವತ್ತೂ ಇಂಥ ಸಾಹಸಕ್ಕೆ ಕೈಹಾಕುವುದಿಲ್ಲ.

ಹಾವಿನ ದೇಹ ಬೇರೆಯೇ ಶಾಸ್ತ್ರದ ಮೇಲೆ ನಡೆಯುತ್ತದೆ. ಬರ್ಮೀಸ್ ಪೈಥಾನ್ ಒಂದು ದೊಡ್ಡ ಊಟ ಮುಗಿಸಿದ ಎರಡು ದಿನದಲ್ಲಿ ಅದರ ಹೃದಯ ಶೇಕಡಾ 40ರಷ್ಟು ದಪ್ಪವಾಗುತ್ತದೆ. ಕರುಳೂ ಯಕೃತ್ತೂ ಹಿಗ್ಗುತ್ತವೆ. ಜೀರ್ಣವಾದ ಮೇಲೆ ಎಲ್ಲ ಮತ್ತೆ ಮೊದಲಿನ ಗಾತ್ರಕ್ಕೆ. ‘ಬೆಳವಣಿಗೆ’ ಎಂಬ ಪದವನ್ನು ನಾವು ಒಂದೇ ದಿಕ್ಕಿನ ರಸ್ತೆಯ ಹಾಗೆ ಬಳಸುತ್ತೇವೆ. ಹಾವಿನ ಒಳಗಿನ ಅಂಗಗಳಿಗೆ ಅದು ಬಾಗಿಲಿನ ಹಾಗೆ, ತೆರೆಯುತ್ತದೆ, ಮುಚ್ಚುತ್ತದೆ.

ಇನ್ನು ಪೆಟ್ಟಿಗೆ. ‘ಚಿಕ್ಕ ಪೆಟ್ಟಿಗೆಯಲ್ಲಿಟ್ಟರೆ ಹಾವು ಚಿಕ್ಕದಾಗಿಯೇ ಉಳಿಯುತ್ತದೆ, ಪೆಟ್ಟಿಗೆಗೆ ತಕ್ಕ ಹಾಗೆ ಬೆಳೆಯುತ್ತದೆ’ ಎಂಬುದು ಅತ್ಯಂತ ಹಠಮಾರಿ ನಂಬಿಕೆ. ಹಾವು ಪೆಟ್ಟಿಗೆಯ ಅಳತೆ ತೆಗೆದುಕೊಂಡು ಮೂಳೆ ಬೆಳೆಸುವುದಿಲ್ಲ. ಆದರೂ ಈ ನಂಬಿಕೆ ಎಲ್ಲಿಂದಲೋ ಹುಟ್ಟಿರಬೇಕಲ್ಲ. ಚಿಕ್ಕ ಪೆಟ್ಟಿಗೆಯಲ್ಲಿ ಒಂದು ಕಡೆ ಬಿಸಿ, ಒಂದು ಕಡೆ ತಂಪು ಅಂತ ಮಾಡಲು ಆಗುವುದಿಲ್ಲ. ಬಚ್ಚಿಟ್ಟುಕೊಳ್ಳಲು ಜಾಗ ಇರುವುದಿಲ್ಲ. ಹೆದರಿಕೆಯಿಂದ ಹಾವು ಊಟ ಬಿಡುತ್ತದೆ, ತಿಂದದ್ದು ಜೀರ್ಣವಾಗದೆ ಕಕ್ಕುತ್ತದೆ. ಹಾಗೆ ಕುಂಠಿತವಾದ ಹಾವನ್ನು ನೋಡಿ ‘ನೋಡಿದಿರಾ, ಪೆಟ್ಟಿಗೆಗೆ ಹೊಂದಿಕೊಂಡಿದೆ’ ಅಂದುಬಿಡುತ್ತಾರೆ. ಹೊಂದಿಕೊಂಡದ್ದಲ್ಲ, ಕಾಯಿಲೆ ಬಿದ್ದದ್ದು. ಬರ್ಮೀಸ್ ಪೈಥಾನ್ ಮರಿ ತಂದು, ಚೆನ್ನಾಗಿ ತಿನ್ನಿಸಿದರೆ ಅದು ಮೊದಲ ವರ್ಷದಲ್ಲೇ ಎರಡು ಮೀಟರ್ ದಾಟುತ್ತದೆ. ಪೆಟ್ಟಿಗೆ ಚಿಕ್ಕದು ಮಾಡಿ ಅದನ್ನು ತಡೆಯುತ್ತೇನೆ ಎನ್ನುವವರು ಆ ಹಾವನ್ನು ತರದಿರುವುದೇ ಒಳ್ಳೆಯದು.

ಬಿಸಿಯ ಮಾತು ಬಂತು. ಹಾವಿನ ಜೀರ್ಣವೆಲ್ಲ ಹೊರಗಿನ ಬಿಸಿಯ ಮೇಲೆ ನಿಂತಿದೆ. ಬಾಲ್ ಪೈಥಾನ್‌ಗೆ ಬಿಸಿ ಜಾಗದಲ್ಲಿ 31–32 ಡಿಗ್ರಿ ಬೇಕು. ಅದಿಲ್ಲದಿದ್ದರೆ ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ಕೊಲಂಬಿಯಾದ ಕಲ್ಲಿದ್ದಲ ಗಣಿಯಲ್ಲಿ ಸಿಕ್ಕ ಟೈಟನೋಬೋವಾ ಎಂಬ ಹಾವಿನ ಪಳೆಯುಳಿಕೆಯನ್ನು 2009ರಲ್ಲಿ ವರ್ಣಿಸಿದಾಗ ಅದರ ಉದ್ದ ಸುಮಾರು 13 ಮೀಟರ್ ಇದ್ದಿರಬೇಕು ಅಂತ ಅಂದಾಜು ಮಾಡಿದರು. ಅಷ್ಟು ದೊಡ್ಡ ಹಾವು ಬದುಕಬೇಕಾದರೆ ಆಗ ವರ್ಷದ ಸರಾಸರಿ ಬಿಸಿ 30 ಡಿಗ್ರಿಗಿಂತ ಮೇಲೆ ಇದ್ದಿರಲೇಬೇಕು ಅಂತ ಹಾವಿನ ಬೆನ್ನುಮಣಿಯಿಂದ ಆರು ಕೋಟಿ ವರ್ಷ ಹಿಂದಿನ ಹವೆಯನ್ನೇ ಲೆಕ್ಕ ಹಾಕಿದರು. ಆ ಲೆಕ್ಕವನ್ನು ಒಪ್ಪದವರೂ ಇದ್ದಾರೆ. ಆದರೆ ಹಾವನ್ನು ಥರ್ಮಾಮೀಟರಿನ ಹಾಗೆ ಓದುವ ಧೈರ್ಯ ನನಗೆ ಹಿಡಿಸಿತು.

ಬೆಳೆಯುವುದು ನಿಧಾನವಾದ ಮೇಲೆ ಹಾವು ತಿಂದ ಶಕ್ತಿ ಎಲ್ಲಿಗೆ ಹೋಗುತ್ತದೆ? ಹೆಣ್ಣಾದರೆ ಮೊಟ್ಟೆಗೆ. ಬಾಲ್ ಪೈಥಾನ್ ಹೆಣ್ಣು ಒಂದು ಸಲಕ್ಕೆ ಮೂರರಿಂದ ಹನ್ನೊಂದು ಮೊಟ್ಟೆ ಇಟ್ಟು, ಅವುಗಳನ್ನು ಸುತ್ತಿಕೊಂಡು ಎರಡು ತಿಂಗಳು ಊಟವಿಲ್ಲದೆ ಮಲಗುತ್ತದೆ. ಆ ವರ್ಷ ಅದರ ಉದ್ದ ಹೆಚ್ಚದಿದ್ದರೆ ಕಾರಣ ಹುಡುಕಬೇಕಾಗಿಲ್ಲ. 2020ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದ ಒಂದು ಬಾಲ್ ಪೈಥಾನ್ ಏಳು ಮೊಟ್ಟೆ ಇಟ್ಟಿತು. ಅದರ ವಯಸ್ಸು 62 ದಾಟಿತ್ತು. ಹದಿನೈದು ವರ್ಷದಿಂದ ಗಂಡಿನ ಮುಖವನ್ನೇ ನೋಡಿರಲಿಲ್ಲ. ಅರುವತ್ತು ವರ್ಷ ಬದುಕಿದ ಆ ಹಾವು ಬಾಲ್ ಪೈಥಾನ್ ಆಗಿಯೇ ಉಳಿದಿತ್ತು, ದೈತ್ಯವಾಗಿರಲಿಲ್ಲ ಎಂಬುದು ನಮ್ಮ ಇವತ್ತಿನ ವಿಷಯಕ್ಕೆ ಮುಖ್ಯ.

ಕೊನೆಯಲ್ಲಿ ಸಭೆಯಲ್ಲಿದ್ದ ಒಬ್ಬರು ಕೇಳಿದರು: ‘ನಮ್ಮ ಕಾರ್ನ್ ಸ್ನೇಕ್‌ಗೆ ಹದಿನಾರು ವರ್ಷ. ಈ ಸಲ ಅಳೆದರೆ ಹೋದ ವರ್ಷಕ್ಕಿಂತ ಮೂರು ಸೆಂಟಿಮೀಟರ್ ಕಡಿಮೆ ಬಂತು. ಮುಪ್ಪಿಗೆ ಹಾವು ಕುಗ್ಗುತ್ತದಾ?’ ಒಳ್ಳೆಯ ಪ್ರಶ್ನೆ. ಗಲಪಗೋಸ್ ದ್ವೀಪದ ಸಮುದ್ರ ಇಗ್ವಾನಾಗಳು, ಅಂದರೆ ಪಾಚಿ ತಿನ್ನುವ ದೊಡ್ಡ ಹಲ್ಲಿಗಳು, ಸಮುದ್ರ ಬಿಸಿಯಾಗುವ ಎಲ್ ನಿನ್ಯೋ ವರ್ಷದಲ್ಲಿ ಪಾಚಿ ಸಿಗದಿದ್ದಾಗ ನಿಜವಾಗಿಯೂ ಉದ್ದದಲ್ಲಿ ಕುಗ್ಗುತ್ತವೆ, ಶೇಕಡಾ 20ರವರೆಗೂ. ಊಟ ಸಿಕ್ಕಿದ ಮೇಲೆ ಮತ್ತೆ ಉದ್ದವಾಗುತ್ತವೆ. 2000ದಲ್ಲಿ ಇದು ಪ್ರಕಟವಾದಾಗ ಎಲ್ಲರೂ ಬೆರಗಾದರು. ಆದರೆ ನಿಮ್ಮ ಕಾರ್ನ್ ಸ್ನೇಕ್ ವಿಷಯದಲ್ಲಿ ನಾನು ಮೊದಲು ಅನುಮಾನಿಸುವುದು ಟೇಪನ್ನು. ಮೂರು ಸೆಂಟಿಮೀಟರ್ ಎಂದರೆ ಹಾವು ಒಂದು ಸಲ ಮೈ ಬಿಗಿಹಿಡಿದಷ್ಟು. ಮುಂದಿನ ಸಲ ಹಾವಿನ ಮೇಲೆ ಪಾರದರ್ಶಕ ಹಾಳೆ ಮೆತ್ತಗೆ ಒತ್ತಿ, ಬೆನ್ನಿನ ನಡುಗೆರೆಯನ್ನು ಸ್ಕೆಚ್ ಪೆನ್ನಿನಲ್ಲಿ ಎಳೆದು, ಆ ಗೆರೆಯ ಮೇಲೆ ದಾರ ಇಟ್ಟು ಅಳೆಯಿರಿ. ಮೂರು ಸಲ ಮಾಡಿ, ಮಧ್ಯದ ಅಂಕಿ ತೆಗೆದುಕೊಳ್ಳಿ. ಮುದಿ ಹಾವಿನಲ್ಲಿ ಬೆನ್ನುಮಣಿಗಳು ಒಂದಕ್ಕೊಂದು ಬೆಸೆದುಕೊಂಡು ಮೈ ಸೆಟೆದುಕೊಳ್ಳುವ ಕಾಯಿಲೆ ಉಂಟು. ಹಾಗಾಗಿ ಬೆನ್ನಿನ ಮೇಲೆ ಬೆರಳಾಡಿಸಿ, ಗಂಟು ಸಿಗುತ್ತದಾ, ಎಲ್ಲಾದರೂ ಬಾಗದೆ ಕೋಲಿನ ಹಾಗಿದೆಯಾ ನೋಡಿ. ಜೊತೆಗೆ ಇವತ್ತೇ ತೂಗಿ ಬರೆದಿಡಿ, ಎರಡು ವಾರ ಬಿಟ್ಟು ಇನ್ನೊಮ್ಮೆ ತೂಗಿ. ತೂಕ ನಿಂತಲ್ಲೇ ನಿಂತಿದ್ದರೆ ಹಾವು ಚೆನ್ನಾಗಿದೆ. ಇಳಿದಿದ್ದರೆ ನನ್ನನ್ನು ಕೇಳಬೇಡಿ, ಸರೀಸೃಪ ಬಲ್ಲ ಪಶುವೈದ್ಯರ ಬಳಿಗೆ ಹೋಗಿ.